ಎಡಗಡೆಯ ಹಳದಿ ದೀಪ

ನಮ್ಮ ಟ್ರೈಲರನ್ನು ನೋಡದವರಿಗೆ ಮೊದಲು ಅದರ ವಿಷಯ ಹೇಳಿಬಿಡಬೇಕು. ಅದು ಚಕ್ರದ ಮೇಲಿನ ಅಡುಗೆಮನೆ. ಬಿಳಿ ಬಣ್ಣ, ಪಕ್ಕದಲ್ಲಿ ಮೇಲಕ್ಕೆತ್ತಿ ನಿಲ್ಲಿಸುವ ಅಗಲವಾದ ಕಿಟಕಿ, ಒಳಗೆ ಸಾಲಾಗಿ ದೋಸೆ ಕಾವಲಿಗಳು, ಗ್ಯಾಸ್ ಸಿಲಿಂಡರಿಗೆ ಬೇರೆಯೇ ಗೂಡು, ಪಾತ್ರೆ ತೊಳೆಯಲು ನೀರಿನ ಟ್ಯಾಂಕು. ಎಳೆಯುವ ಪಿಕಪ್‌ಗಿಂತ ಎಳೆಸಿಕೊಳ್ಳುವ ಇದೇ ಉದ್ದ. ಕುವೈತಿನಲ್ಲಿ ಬಿಸಿಲು ಇಳಿದು, ತೋಟ, ಮರಳುಗಾಡು ಎಂದು ಜನ ಮನೆಯಿಂದ ಹೊರಬೀಳುವ ತಿಂಗಳುಗಳಲ್ಲಿ, ನಮ್ಮ ಕರಾವಳಿಯವರ ಕೂಟ ಎಲ್ಲಿ ನಡೆಯುತ್ತದೋ ಅಲ್ಲಿಗೆ ಪ್ರತಿ ಶುಕ್ರವಾರ ಇದು ಹೋಗುತ್ತದೆ. ನೀರುದೋಸೆ, ಕೋಳಿ ಸಾರು, ಕೋಳಿ ತಿನ್ನದವರಿಗೆ ಕಡ್ಲೆ ಗಸಿ. ನನ್ನ ಗಂಡ ಮಾಡಿದ ನೀರುದೋಸೆಯನ್ನು ಎತ್ತಿ ಹಿಡಿದರೆ ಆಚೆಗಿನ ಬೆಳಕು ಕಾಣುತ್ತದೆ. ಇದನ್ನು ಹೆಂಡತಿಯಾಗಿ ಹೇಳುತ್ತಿಲ್ಲ, ತಿಂದವಳಾಗಿ ಹೇಳುತ್ತಿದ್ದೇನೆ.

ಇವರಿಗೆ ಮಾತ್ರ ದೋಸೆಯ ಬಗ್ಗೆ ಅಷ್ಟೇನೂ ಹೆಮ್ಮೆ ಇರಲಿಲ್ಲ. "ದೋಸೆ ಯಾರು ಬೇಕಾದ್ರೂ ಮಾಡ್ತಾರೆ ಮಾರಾಯ್ತಿ" ಎಂದು ಹೊಗಳಿಕೆಯನ್ನು ತಳ್ಳಿಹಾಕುತ್ತಿದ್ದರು. ಇವರ ಹೆಮ್ಮೆಯೆಲ್ಲ ಟ್ರೈಲರ್ ಓಡಿಸುವುದರಲ್ಲಿತ್ತು. ಹೋಟೆಲಿನ ಅಡುಗೆಮನೆಯಲ್ಲಿ ವರ್ಷಗಟ್ಟಲೆ ದುಡಿದು, ಕಡೆಗೆ ಒಬ್ಬ ಒಳ್ಳೆಯ ಕಫೀಲ್, ಎಂದರೆ ನಮ್ಮ ಹೊಣೆ ಹೊರುವ ಕುವೈತಿ ಪ್ರಾಯೋಜಕ, ಸಿಕ್ಕು, ಆ ಹಿರಿಯರ ಹೆಸರಿನಲ್ಲಿ ಈ ಸ್ವಂತ ಕಸುಬು ಶುರುವಾದಾಗ, ಟ್ರೈಲರನ್ನು ಹಿಂದಕ್ಕೆ ಒಯ್ಯಲು ಯಾರೂ ಇವರಿಗೆ ಹೇಳಿಕೊಟ್ಟಿರಲಿಲ್ಲ. ತಾವೇ ಕಲಿತರು. ತೋಟದ ಬಾಗಿಲಲ್ಲಿ ಜನ ನೋಡುತ್ತಿರುವಾಗ, ಒಂದೇ ಏಟಿಗೆ ಹಿಂದಕ್ಕೆ ತೆಗೆದು ಎರಡು ಖರ್ಜೂರದ ಮರಗಳ ನಡುವೆ ನಿಲ್ಲಿಸಿ, ಏನೂ ಆಗಿಲ್ಲವೆಂಬಂತೆ ಕೈ ಒರೆಸಿಕೊಂಡು ಇಳಿಯುತ್ತಿದ್ದರು. ಏನೂ ಆಗಿಲ್ಲವೆಂಬ ಆ ಮುಖವನ್ನು ಮನೆಯಲ್ಲಿ ಕನ್ನಡಿ ನೋಡಿ ಅಭ್ಯಾಸ ಮಾಡುತ್ತಾರೆ ಎಂದು ನಾನು ಛೇಡಿಸುತ್ತಿದ್ದೆ.

ಹೀಗಿರುವಾಗ ಹೋದ ಬೇಸಿಗೆಯಲ್ಲಿ ಹವಲ್ಲಿಯ ಕಣ್ಣಿನ ಡಾಕ್ಟರ ಬಳಿಗೆ ಹೋದೆವು. ಕನ್ನಡಕ ಬದಲಾಯಿಸಿದರೆ ಸರಿಹೋಗಬಹುದು ಎಂಬುದು ನಮ್ಮ ಲೆಕ್ಕಾಚಾರ. ಡಾಕ್ಟರು ಮೈಸೂರು ಕಡೆಯವರು. ಇವರ ಗಲ್ಲವನ್ನು ಒಂದು ಯಂತ್ರದ ಮೇಲೆ ಇಡಿಸಿ, ಬೆಳಕಿನ ಚುಕ್ಕೆ ಕಂಡಾಗ ಗುಂಡಿ ಒತ್ತಲು ಹೇಳಿದರು. ಎಡಗಣ್ಣಿನ ಸರದಿ ಬಂದಾಗ ಇವರು ಗುಂಡಿ ಒತ್ತುವುದೇ ಅಪರೂಪವಾಯಿತು. ಯಂತ್ರ ಕೆಟ್ಟಿದೆ ಎಂದು ನಾನು ಅಂದುಕೊಂಡೆ.

"ಕಣ್ಣೊಳಗಿನ ಪ್ರೆಶರ್ ಜಾಸ್ತಿಯಾಗಿ ನರ ಹಾಳಾಗಿದೆ ಸರ್. ಎಡಗಣ್ಣಲ್ಲಿ ಹೋಗಿರೋ ದೃಷ್ಟಿ ವಾಪಸ್ ಬರಲ್ಲ. ಇರೋದನ್ನ ಡ್ರಾಪ್ಸ್ ಹಾಕ್ಕೊಂಡು ಉಳಿಸ್ಕೊಳ್ಳೋಣ" ಎಂದರು ಡಾಕ್ಟರು. ಇವರ ಕೆಲಸವೇನೆಂದು ಕೇಳಿ ತಿಳಿದುಕೊಂಡ ಮೇಲೆ, "ಹೈವೇಲಿ ಟ್ರೈಲರ್ ಎಳೆಯೋದಂತೂ ಬೇಡವೇ ಬೇಡ. ಎಡಗಡೆಯಿಂದ ಬರೋದು ನಿಮಗೆ ಗೊತ್ತೇ ಆಗಲ್ಲ" ಎಂದರು.

ಕುವೈತಿನಲ್ಲಿ ಗಾಡಿ ರಸ್ತೆಯ ಬಲಗಡೆ ಓಡುತ್ತದೆ, ಸ್ಟೇರಿಂಗ್ ಎಡಗಡೆ ಇರುತ್ತದೆ. ಹಾರಿಕೊಂಡು ಬರುವ ಕಾರುಗಳೆಲ್ಲ ಬರುವುದು ಎಡಗಡೆಯಿಂದಲೇ. ಇದನ್ನು ಡಾಕ್ಟರು ನಮಗೆ ಬಿಡಿಸಿ ಹೇಳಬೇಕಿರಲಿಲ್ಲ.

ವಾಪಸ್ ಬರುವಾಗ ನನ್ನ ಕಾರನ್ನು ನಾನೇ ಓಡಿಸಿದೆ. ರಾಯ್‌ನಲ್ಲಿ ಗಾಡಿಗಳ ಬಿಡಿಭಾಗ ಮಾರುವ ಅಂಗಡಿಯೊಂದರ ಕೌಂಟರಿನಲ್ಲಿ ನನಗೆ ಕೆಲಸ. ಮಹಬೂಲಾದ ನಮ್ಮ ಫ್ಲಾಟಿನಿಂದ ಅಲ್ಲಿಗೆ ದಿನವೂ ಹೋಗಿಬರುವವಳು ನಾನು, ಆದ್ದರಿಂದ ನನಗೆ ಈ ರಸ್ತೆಗಳ ಹೆದರಿಕೆ ಎಂದೋ ಬಿಟ್ಟುಹೋಗಿದೆ. ಇವರು ಸಮುದ್ರ ಕಾಣತೊಡಗಿದ ಮೇಲೆ ಬಾಯಿ ಬಿಟ್ಟರು.

"ಕಣ್ಣಿನ ವಿಷಯ ಯಾರಿಗೂ ಹೇಳ್ಬೇಡ."

"ಆಯ್ತು."

"ನಿನ್ನ ಅಕ್ಕನಿಗೂ."

"ಆಯ್ತು ಅಂದೆನಲ್ಲ. ಆದ್ರೆ ಟ್ರೈಲರ್ ಯಾರು ಓಡಿಸುದು?"

"ನಾನೇ. ಮತ್ತೆ ಯಾರು?"

ನಾನು ಜಗಳ ಶುರುಮಾಡಿದೆ. ಮನೆ ಮುಟ್ಟುವವರೆಗೆ ಜಗಳ, ಲಿಫ್ಟಿನಲ್ಲಿ ಜಗಳ, ಊಟಕ್ಕೆ ಬಡಿಸುತ್ತಾ ಜಗಳ. ಡ್ರೈವರನ್ನು ಇಟ್ಟುಕೊಳ್ಳೋಣವೆಂದರೆ ತಮ್ಮ ಟ್ರೈಲರಿಗೆ ಬೇರೆಯವರ ಕೈ ಸೋಕಬಾರದು ಎಂದರು. ನಾನು ಓಡಿಸುತ್ತೇನೆ ಎಂದರೆ ನಕ್ಕರು. ಆ ನಗು ನನಗೆ ಸರಿಯಾಗಿ ನಾಟಿತು. ಯಾಕೆಂದರೆ ಟ್ರೈಲರನ್ನು ಹಿಂದಕ್ಕೆ ಒಯ್ಯುವುದನ್ನು ನನಗೆ ಕಲಿಸಿದವರು ಇವರೇ. ಒಂದು ಚಳಿಗಾಲವಿಡೀ ನಮ್ಮ ಕಟ್ಟಡದ ಹಿಂದಿನ ಖಾಲಿ ಜಾಗದಲ್ಲಿ, ಶನಿವಾರ ಬೆಳಿಗ್ಗೆ, ನನ್ನನ್ನು ಕೂರಿಸಿ ಕಲಿಸಿದ್ದರು. ಸ್ಟೇರಿಂಗಿನ ತಳಭಾಗವನ್ನು ಹಿಡಿದುಕೋ, ಕೈ ಯಾವ ಕಡೆಗೆ ಹೋಗುತ್ತದೋ ಟ್ರೈಲರಿನ ಬಾಲ ಅದೇ ಕಡೆಗೆ ಹೋಗುತ್ತದೆ, ಅವಸರ ಮಾಡಬೇಡ, ಅಷ್ಟೇ. ಬೇಗ ಕಲಿತೆ ಎಂದು ಹೊಗಳಿಯೂ ಇದ್ದರು. ಆದರೆ ಅದೆಲ್ಲ ಖಾಲಿ ಜಾಗದ ಮಾತು. ಹೈವೇಗೆ ಬಂದಾಗ ನಾನು ಮತ್ತೆ ಪಕ್ಕದ ಸೀಟಿನವಳೇ.

ಜಗಳ ಹೀಗೆ ನಡೆಯುತ್ತಿರುವಾಗಲೇ ಹೊಸ ಪಿಕಪ್ ಬಂತು. ಕಫೀಲರನ್ನು ನಾವು ಹಜ್ಜಿ ಎಂದು ಕರೆಯುತ್ತೇವೆ. ತಮ್ಮ ದೋಣಿಯನ್ನು ಸಮುದ್ರಕ್ಕೆ ಎಳೆದೊಯ್ಯಲು ಅವರು ಹಳೆಯ ಪಿಕಪ್ ಕೊಟ್ಟು ದೊಡ್ಡ ಅಮೆರಿಕನ್ ಪಿಕಪ್ ತೆಗೆದುಕೊಂಡರು. ಚಳಿಗಾಲ ಪೂರ್ತಿ ಅದು ನಮ್ಮದು, ಹಿಂದಿನದೂ ಹಾಗೆಯೇ ಇತ್ತು. ಶೋರೂಮಿನಿಂದ ಬಂದ ಕೇರಳದ ಹುಡುಗನೊಬ್ಬ ನಮ್ಮ ಟ್ರೈಲರ್ ಕಟ್ಟಿಸಿ ಹಿಂದಿಯಲ್ಲಿ ಎಲ್ಲವನ್ನೂ ವಿವರಿಸಿದ. ಹಿಂದಿನ ದೀಪಗಳ ಒಳಗೆ ರೇಡಾರ್ ಸೆನ್ಸರ್ ಇದೆ. ಕನ್ನಡಿಗೆ ಸಿಗದ ಜಾಗದಲ್ಲಿ ಗಾಡಿ ಬಂದರೆ ಆ ಕಡೆಯ ಕನ್ನಡಿಯಲ್ಲಿ ಹಳದಿ ದೀಪ ಹತ್ತುತ್ತದೆ. ಟ್ರೈಲರಿನ ಉದ್ದವನ್ನು ಅಳೆದು ಕಂಪ್ಯೂಟರಿಗೆ ಹೇಳಿಬಿಟ್ಟರೆ ಟ್ರೈಲರಿನ ಬಾಲದವರೆಗೂ ಅದು ನಿಗಾ ಇಡುತ್ತದೆ. ಟೇಪಿನ ಒಂದು ತುದಿಯನ್ನು ಪಿಕಪ್ಪಿನ ಕೊಕ್ಕೆಯ ಬಳಿ ಅವನು ಹಿಡಿದ, ಇನ್ನೊಂದು ತುದಿಯನ್ನು ಟ್ರೈಲರಿನ ಹಿಂಬಾಗಿಲಲ್ಲಿ ನಾನು ಹಿಡಿದೆ. ಕಡೆಗೆ ಅವನು, ಇದು ಸಹಾಯಕ್ಕೆ ಮಾತ್ರ ಭಾಯಿ, ಕುತ್ತಿಗೆ ತಿರುಗಿಸಿ ನೋಡಲೇಬೇಕು ಎಂದ. ಆ ಮಾತು ಬಂದಾಗ ಇವರು ಕನ್ನಡಿಯ ದೀಪವನ್ನೇ ನೋಡುತ್ತಿದ್ದರು.

"ನೋಡು, ನನ್ನದು ಒಂದು ಕಣ್ಣು ಹೋಯ್ತು ಅಂತ ಅಮೆರಿಕದವ್ರು ಹಿಂದೆ ಎರಡು ಕಣ್ಣು ಇಟ್ಟುಕೊಟ್ಟಿದ್ದಾರೆ" ಎಂದು ಆ ಸಂಜೆ ಇವರು ಹೇಳಿದ್ದನ್ನು ಕೇಳಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಗ್ಯಾಸ್ ಪೈಪು ಬದಲಾಯಿಸಲು ಟ್ರೈಲರನ್ನು ರಾಯ್‌ನ ವರ್ಕ್‌ಶಾಪಿಗೆ ಒಯ್ಯಬೇಕಿತ್ತು. ನಾನೂ ಜೊತೆಗೆ ಕೂತೆ. ಎಡಗಡೆಯಿಂದ ಕಾರು ಬರುವುದೇ ತಡ, ದೀಪ ಹತ್ತುತ್ತಿತ್ತು. ಕಾರು ಟ್ರೈಲರನ್ನೂ ಪಿಕಪ್ಪನ್ನೂ ದಾಟಿ ಮುಂದೆ ಹೋದರೆ ಆರುತ್ತಿತ್ತು. ಒಮ್ಮೆಯೂ ತಪ್ಪಲಿಲ್ಲ. ಪ್ರತಿ ಸಲವೂ ಇವರು ನನ್ನ ಕಡೆಗೆ ನೋಡಿ ಹುಬ್ಬು ಹಾರಿಸುತ್ತಿದ್ದರು. ರಸ್ತೆ ನೋಡಿ ಎಂದು ಗದರಿಸಿದೆನಾದರೂ, ಸತ್ಯ ಹೇಳಬೇಕೆಂದರೆ ನನ್ನ ಜಗಳದ ಗಾಳಿ ಅಂದು ಇಳಿದುಹೋಯಿತು. ಇಷ್ಟು ಜಾಣ ಯಂತ್ರ ಇರುವಾಗ ಈ ಮನುಷ್ಯನ ಮರ್ಯಾದೆಯನ್ನು ನಾನು ಯಾಕೆ ಕಳೆಯಬೇಕು ಎನಿಸಿತು.

ಆಮೇಲೆ ಆಯುಧಪೂಜೆ ಬಂತು. ಮಹಬೂಲಾದ ಕಟ್ಟಡದ ಹಿಂದೆ, ಅಕ್ಕಪಕ್ಕದವರಿಗೆ ತೊಂದರೆಯಾಗದಂತೆ, ಬೆಳಕು ಹರಿಯುವ ಹೊತ್ತಿಗೆ ನಮ್ಮ ಪೂಜೆ ಮುಗಿದಿರುತ್ತದೆ. ಬಾನೆಟ್ಟಿಗೆ ಕುಂಕುಮ, ಚಕ್ರದ ಕೆಳಗೆ ನಿಂಬೆಹಣ್ಣು, ಕಾವಲಿಗಳಿಗೆ ಗಂಧ. ಪಿಕಪ್ ಹಜ್ಜಿಯವರದು, ಪೂಜೆ ನಮ್ಮದು, ಇದಕ್ಕೆ ಅವರ ಆಕ್ಷೇಪ ಎಂದೂ ಇರಲಿಲ್ಲ. ಇಲ್ಲಿಯ ಬಿಸಿಲಿಗೆ ಹೂವಿನ ಮಾಲೆ ಅರ್ಧ ದಿನದಲ್ಲಿ ಸುಟ್ಟುಹೋಗುತ್ತದೆ ಎಂದು ಇವರು ಊರಿನಿಂದ ಬೇಗಡೆ ತರಿಸಿದ್ದರು. ಬೇಗಡೆ ಎಂದರೆ ಥಳಥಳಿಸುವ ಆ ತೆಳು ತಗಡಿನ ಹಾಳೆ, ಬೆಳ್ಳಿ ಬಣ್ಣದ್ದು, ಚಿನ್ನದ ಬಣ್ಣದ್ದು. ನವರಾತ್ರಿಯ ಮಂಟಪಗಳಿಗೆ ಬೇಗಡೆ ಹೂವು ಕತ್ತರಿಸುವುದರಲ್ಲಿ ಚಿಕ್ಕಂದಿನಲ್ಲೇ ಇವರ ಕೈ ಪಳಗಿತ್ತು. ಈ ವರ್ಷ ಎಲ್ಲ ಕಡೆಗಿಂತ ಹೆಚ್ಚಿನ ಶೃಂಗಾರ ನಡೆದದ್ದು ಹಿಂದಿನ ದೀಪಗಳಿಗೆ. ಕೆಂಪು ಬೆಳಕಿಗೆ ಅಡ್ಡವಾಗದಂತೆ ಜಾಗ ಬಿಟ್ಟು, ಅಂಚಿನುದ್ದಕ್ಕೂ ಬೆಳ್ಳಿ ಹೂವು, ಚಿನ್ನದ ಎಲೆ ಒತ್ತೊತ್ತಾಗಿ ಅಂಟಿಸಿದರು. ನನ್ನ ಕಣ್ಣುಗಳು ಇವು ಎಂದು ಅವುಗಳಿಗೆ ಪ್ರತ್ಯೇಕ ಆರತಿ ಎತ್ತಿದರು. ಪೂಜೆಯ ಅಲಂಕಾರವನ್ನು ನಾವು ಕೈಯಾರೆ ಕೀಳುವುದಿಲ್ಲ. ತಾನಾಗಿ ಕಳಚಿ ಬೀಳುವವರೆಗೆ ಇರಬೇಕು.

ಆ ಶುಕ್ರವಾರವೇ ವಫ್ರಾದ ತೋಟವೊಂದರಲ್ಲಿ ಊರಿನವರ ಕೂಟ. ಪೂಜೆಯ ನಂತರ ಪಿಕಪ್ ಮೊದಲ ಸಲ ರಸ್ತೆಗಿಳಿದದ್ದು ಅಂದು ಬೆಳಿಗ್ಗೆ. ಹೊರಟು ಸ್ವಲ್ಪ ಹೊತ್ತಿಗೆ ಟಿಂಗ್ ಎಂದು ಸದ್ದಾಗಿ ಮೀಟರಿನ ಪಕ್ಕದ ಪರದೆಯಲ್ಲಿ ಅರಬಿಯ ಒಂದು ಸಾಲು ಮೂಡಿತು. ಹಜ್ಜಿ ತಮ್ಮ ಅನುಕೂಲಕ್ಕೆ ಭಾಷೆಯನ್ನು ಅರಬಿಗೆ ಇಟ್ಟುಕೊಂಡಿದ್ದರು. ನಾವಿಬ್ಬರೂ ಅರಬಿಯಲ್ಲಿ ವ್ಯವಹಾರ ಮಾಡಬಲ್ಲೆವು, ಓದಲು ಬರುವುದಿಲ್ಲ. ಇವರು ಬಟನ್ ಒತ್ತಿ ಅದನ್ನು ಅಳಿಸಿಹಾಕಿದರು. "ಟ್ರೈಲರ್ ಕಟ್ಟಿದ್ದೀರಿ ಅಂತ ಹೇಳ್ತಾ ಉಂಟು ಅಷ್ಟೇ" ಎಂದರು.

ನಾವು ನಡುವಿನ ಲೇನಿನಲ್ಲಿದ್ದೆವು. ಮುಂದೆ ಒಂದು ನೀರಿನ ಟ್ಯಾಂಕರು ನಿಧಾನವಾಗಿ ಹೋಗುತ್ತಿತ್ತು. ಎಡಗಡೆಯಿಂದ ಕಾರುಗಳು ಸುಂಯ್ ಎಂದು ದಾಟುತ್ತಿದ್ದವು. ದೋಸೆಹಿಟ್ಟಿನ ಡಬ್ಬಿಗಳ ಮುಚ್ಚಳ ಬಿಗಿ ಮಾಡಿದ್ದೇನೋ ಇಲ್ಲವೋ ಎಂದು ಯೋಚಿಸುತ್ತಾ ಕೂತಿದ್ದವಳಿಗೆ ಏನೋ ಒಂದು ಇರುಸುಮುರುಸು. ಏನೆಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟು ಕಾರುಗಳು ದಾಟಿದರೂ ಕನ್ನಡಿಯ ಹಳದಿ ದೀಪ ಒಮ್ಮೆಯೂ ಹತ್ತಿರಲಿಲ್ಲ. ಅಷ್ಟರಲ್ಲಿ ಇವರು ಟ್ಯಾಂಕರನ್ನು ಹಿಂದೆ ಹಾಕಲು ಇಂಡಿಕೇಟರ್ ಹಾಕಿ, ಕನ್ನಡಿಯ ಆರಿದ ದೀಪವನ್ನು ನೋಡಿ, ಎಡಕ್ಕೆ ಎಳೆಯತೊಡಗಿದರು. ನಾನು ಪೂರ್ತಿ ತಿರುಗಿ ಇವರ ಹಿಂದಿನ ಕಿಟಕಿಯಿಂದ ನೋಡಿದೆ. ಒಂದು ದೊಡ್ಡ ಕಾರು ನಮ್ಮನ್ನು ಒತ್ತಿಕೊಂಡೇ ಬರುತ್ತಿತ್ತು. ಓಡಿಸುತ್ತಿದ್ದವಳು ಒಬ್ಬ ಹೆಂಗಸು, ಹಿಂದಿನ ಸೀಟಿನಲ್ಲಿ ಮಕ್ಕಳು.

"ಗಾಡಿ ಉಂಟು, ಎಡಕ್ಕೆ ಬೇಡ" ಎಂದು ಇವರ ಮೊಣಕೈಗೆ ಬಡಿದೆ.

ಇವರು ನೇರ ಮಾಡಿದರು. ಟ್ರೈಲರ್ ಹಿಂದೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತೂಗಿತು, ಒಳಗೆ ಪಾತ್ರೆಗಳು ಸದ್ದು ಮಾಡಿದವು. ಇವರು ಬ್ರೇಕಿಗೆ ಕಾಲಿಡದೆ, ವೇಗವನ್ನು ತಾನಾಗಿ ಇಳಿಯಗೊಟ್ಟು ಅದನ್ನು ಹತೋಟಿಗೆ ತಂದರು. ಆ ಕೈಚಳಕ ಇವರದೇ, ಅದನ್ನು ಒಪ್ಪಲೇಬೇಕು. ಆ ಹೆಂಗಸು ಒತ್ತಿದ ಹಾರ್ನ್ ಅವಳ ಕಾರು ದಾಟಿ ಬಹಳ ದೂರ ಹೋಗುವವರೆಗೂ ಕೇಳುತ್ತಿತ್ತು.

ಮುಂದೆ ಸಿಕ್ಕ ಪೆಟ್ರೋಲ್ ಪಂಪಿನಲ್ಲಿ ನಿಲ್ಲಿಸಿದೆವು. ಅರಬಿಯ ಆ ಸಾಲು ಮತ್ತೆ ಪರದೆಯ ಮೇಲೆ ಬಂದಾಗ ಅದರ ಫೋಟೋ ತೆಗೆದು ಹಜ್ಜಿಗೆ ಕಳಿಸಿದೆ. ಕೂಡಲೇ ಅವರ ಫೋನ್ ಬಂತು. ತಮ್ಮ ಅರಬಿ ಬೆರೆತ ಹಿಂದಿಯಲ್ಲಿ, ಹಿಂದಿನ ದೀಪದ ಮೇಲೆ ಏನೋ ಮುಚ್ಚಿಕೊಂಡಿದೆ, ಸೆನ್ಸರಿಗೆ ಏನೂ ಕಾಣುತ್ತಿಲ್ಲ, ಧೂಳಿರಬೇಕು, ಒರೆಸಿದರೆ ಖಲಾಸ್ ಎಂದರು.

ಇಬ್ಬರೂ ಹಿಂದೆ ಹೋದೆವು. ಧೂಳೇನೂ ಇರಲಿಲ್ಲ. ಬಿಸಿಲಿಗೆ ಬೆಳ್ಳಿ ಹೂವು, ಚಿನ್ನದ ಎಲೆ ಥಳಥಳಿಸುತ್ತಿದ್ದವು. ತಗಡನ್ನು ದಾಟಿ ರೇಡಾರ್ ನೋಡಲಾರದು ಎಂಬುದು ಗಾಡಿಯ ಬಿಡಿಭಾಗ ಮಾರುವ ನನಗೂ ಹೊಳೆದಿರಲಿಲ್ಲ, ಭಕ್ತಿಯಿಂದ ಅಂಟಿಸಿದ ಇವರಿಗೂ ಹೊಳೆದಿರಲಿಲ್ಲ. ಹಬ್ಬದ ದಿನ ಅಷ್ಟು ಚೆಂದ ಕಂಡಿತ್ತು. ಇವರು ದೀಪದ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಒಮ್ಮೆ ಕೈಮುಗಿದು, ಒಂದೊಂದೇ ಹೂವನ್ನು ಉಗುರಿನಿಂದ ಎಬ್ಬಿಸಿದರು. ನಾನು ಕೈಹಾಕಲು ಹೋದರೆ ಬೇಡವೆಂದರು. ಎರಡೂ ದೀಪ ಬಯಲಾದ ಮೇಲೆ ಇಂಜಿನ್ ಚಾಲೂ ಮಾಡಿ ನೋಡಿದರೆ ಆ ಸಾಲು ಮಾಯವಾಗಿತ್ತು.

ಈಗ ಎಲ್ಲವೂ ಸರಿಯಾಗಿತ್ತು, ಅದೇ ನನ್ನ ಹೆದರಿಕೆ. ದೀಪ ಮತ್ತೆ ಹತ್ತುತ್ತದೆ, ಇವರು ಮತ್ತೆ ಅದನ್ನು ನಂಬುತ್ತಾರೆ, ಮುಂದೊಂದು ದಿನ ಕೆಸರೋ ಮರಳೋ ಮತ್ತೇನೋ ಮುಚ್ಚಿಕೊಳ್ಳುತ್ತದೆ. ಜಗಳವಾಡಲು ನನಗೆ ತ್ರಾಣ ಉಳಿದಿರಲಿಲ್ಲ.

"ದೀಪ ಸರಿಯಾಯ್ತಲ್ಲ. ಇನ್ನು ನೀವೇ ಓಡಿಸ್ತೀರಾ?" ಎಂದು ಕೇಳಿದೆ.

ಇವರು ಆ ಕಾರು ದಾಟಿಹೋದ ದಿಕ್ಕಿನಲ್ಲಿ ರಸ್ತೆಯನ್ನು ನೋಡುತ್ತಾ ನಿಂತರು. "ಮಕ್ಕಳಿದ್ರಾ ಅದ್ರಲ್ಲಿ?" ಎಂದು ಕೇಳಿದರು. ಹೌದು ಎಂದೆ. ಆಮೇಲೆ ಪಿಕಪ್ಪನ್ನು ಸುತ್ತಿ ಬಂದು, ನನ್ನ ಕಡೆಯ ಬಾಗಿಲು ತೆರೆದು, ನನ್ನ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡರು.

"ಹೋಗುವ. ಹೊತ್ತಾದ್ರೆ ಹಿಟ್ಟು ಹುಳಿ ಬರ್ತದೆ" ಎಂದರು.

ನಾನು ಸ್ಟೇರಿಂಗ್ ಹಿಂದೆ ಕೂತೆ. ಸೀಟನ್ನು ಮುಂದಕ್ಕೆ ಎಳೆದುಕೊಂಡೆ, ಕನ್ನಡಿಗಳನ್ನು ನನ್ನ ಎತ್ತರಕ್ಕೆ ಹೊಂದಿಸಿಕೊಂಡೆ. ಮೆಲ್ಲಗೆ ಹೈವೇಗೆ ಸೇರಿದೆ. ಹಿಂದೆ ಅಷ್ಟು ಭಾರ ಇದ್ದಾಗ ಪಿಕಪ್ ನಾವು ಹೇಳಿದ್ದನ್ನು ಒಂದು ಗಳಿಗೆ ತಡವಾಗಿ ಕೇಳುತ್ತದೆ. ಅದು ಅಭ್ಯಾಸವಾಗುವವರೆಗೆ ಬಲಗಡೆಯ ಲೇನಿನಲ್ಲಿಯೇ ಹೋದೆ. ಆಮೇಲೆ ಒಂದು ಸಿಮೆಂಟಿನ ಲಾರಿ ಮುಂದೆ ಸಿಕ್ಕಿತು. ಎಡಗಡೆಯ ದೀಪ ಹತ್ತಿತು, ಒಂದು ಕಾರು ಹೋಯಿತು, ದೀಪ ಆರಿತು. ಆದರೂ ಕುತ್ತಿಗೆ ತಿರುಗಿಸಿ ನೋಡಿದೆ, ಆಮೇಲೆ ಎಡಕ್ಕೆ ಬಂದೆ. ಟ್ರೈಲರಿನ ಬಾಲ ಲಾರಿಯನ್ನು ಪೂರ್ತಿ ದಾಟಿದ ಮೇಲೆ ಮತ್ತೆ ಬಲಕ್ಕೆ ಬಂದೆ. ಇವರು ಒಂದು ಮಾತೂ ಆಡಲಿಲ್ಲ, ಒಮ್ಮೆಯೂ ಕಾಲ್ಪನಿಕ ಬ್ರೇಕು ಒತ್ತಲಿಲ್ಲ. ಪಕ್ಕದಲ್ಲಿ ಕೂತ ಗಂಡಸರು ಹೀಗೆ ಸುಮ್ಮನಿರುವುದು ಎಷ್ಟು ದೊಡ್ಡ ವಿಷಯವೆಂದು ಕಾರು ಓಡಿಸುವ ಹೆಂಗಸರಿಗೆ ಗೊತ್ತು. ವಫ್ರಾದ ತೋಟಗಳು ಕಾಣತೊಡಗಿದಾಗ ನನಗೆ ನನ್ನ ಮೇಲೆಯೇ ಅಭಿಮಾನ ಉಕ್ಕಿಬಂತು. ಮುಚ್ಚಿಡುವುದೇಕೆ, ಊರಿನವರೆಲ್ಲ ಗೇಟಿನ ಬಳಿಯೇ ನಿಂತಿರಲಪ್ಪ ಎಂದು ಬೇಡಿಕೊಂಡೆ.

ನಿಂತೇ ಇದ್ದರು. ದೋಸೆ ತಡವಾಯಿತೆಂದು ಕಾಯುತ್ತಿದ್ದ ಜನ, ಸ್ಟೇರಿಂಗ್ ಹಿಂದೆ ನನ್ನನ್ನು ಕಂಡು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇವರು ಇಳಿದು ಪಕ್ಕಕ್ಕೆ ಹೋಗಿ ನಿಂತರು. ನಾನು ಟ್ರೈಲರನ್ನು ಹಿಂದಕ್ಕೆ ತೆಗೆದು ಎರಡು ಖರ್ಜೂರದ ಮರಗಳ ನಡುವೆ ನಿಲ್ಲಿಸಬೇಕಿತ್ತು. ನಾನು ರಿವರ್ಸ್ ಹಾಕಿದ್ದೇ ತಡ, ಗಂಡಸರೆಲ್ಲ ಟ್ರಾಫಿಕ್ ಪೊಲೀಸರಾದರು.

"ಬಲಕ್ಕೆ ಕಟ್ ಮಾಡಿ ಅಕ್ಕ, ಬಲಕ್ಕೆ."

"ಬಲಕ್ಕೆ ಅಲ್ಲ ಮಾರಾಯ್ರೆ, ಎಡಕ್ಕೆ ಎಡಕ್ಕೆ."

"ಅಕ್ಕ, ನೀವು ಇಳಿಯಿರಿ, ನಾನು ಹಾಕಿ ಕೊಡ್ತೇನೆ."

ಆಗ ಇವರು ಕೈ ಎತ್ತಿದರು. "ಯಾರೂ ಎಂತದೂ ಹೇಳ್ಬೇಡಿ. ಅವಳಿಗೆ ಗೊತ್ತುಂಟು" ಎಂದರು.

ಸ್ಟೇರಿಂಗಿನ ತಳ ಹಿಡಿದು, ಅವಸರ ಮಾಡದೆ, ಎರಡೂ ಕನ್ನಡಿಗಳಲ್ಲಿ ಮರಗಳನ್ನು ನೋಡುತ್ತಾ ಹಿಂದಕ್ಕೆ ಹೋದೆ. ಮಧ್ಯೆ ಒಮ್ಮೆ ನಿಲ್ಲಿಸಿ, ಸ್ವಲ್ಪ ಮುಂದೆ ಬಂದು ನೇರ ಮಾಡಿಕೊಂಡೆ. ಒಂದೇ ಏಟಿಗೆ ಆಗಲಿಲ್ಲ, ಎರಡನೆಯದಕ್ಕೆ ಆಯಿತು. ಟ್ರೈಲರ್ ಎರಡು ಮರಗಳ ಸರಿನಡುವೆ ನಿಂತಿತು. ಯಾರೋ ಚಪ್ಪಾಳೆ ತಟ್ಟಿದರು.

ನಮ್ಮ ಕೂಟದ ಹಿರಿಯರೊಬ್ಬರು ಇವರ ಹೆಗಲಿಗೆ ಕೈಯಿಟ್ಟು, "ಎಂತ, ಇವತ್ತು ಯಜಮಾನ್ರಿಗೆ ರಜೆಯಾ?" ಎಂದು ತಮಾಷೆ ಮಾಡಿದರು. ಪಿಕಪ್ಪಿನ ಕಿಟಕಿ ತೆರೆದೇ ಇತ್ತು, ನನಗೆ ಎಲ್ಲವೂ ಕೇಳುತ್ತಿತ್ತು. ಇವರು ನಕ್ಕು ತೇಲಿಸಿಬಿಡಬಹುದಿತ್ತು. ಸೊಂಟನೋವು ಎನ್ನಬಹುದಿತ್ತು, ಅದನ್ನೇ ಹೇಳುತ್ತಾರೆ ಎಂದುಕೊಂಡಿದ್ದೆ.

"ರಜೆ ಅಲ್ಲ. ನನ್ನ ಎಡಗಣ್ಣು ಹೋಗಿದೆ. ಅದು ಇನ್ನು ಬರುದಿಲ್ಲ ಅಂತ ಡಾಕ್ಟ್ರು ಹೇಳಿದ್ದಾರೆ" ಎಂದರು ಇವರು, ನಿಂತಿದ್ದ ಎಲ್ಲರಿಗೂ ಕೇಳುವ ಹಾಗೆ. "ಇನ್ನು ಟ್ರೈಲರ್ ಇವಳದ್ದು. ಮಹಬೂಲಾದಿಂದ ಹೊರಟದ್ದು ನಾನು, ಇಲ್ಲಿಗೆ ಮುಟ್ಟಿಸಿದ್ದು ಇವಳು."

ಆ ಹಿರಿಯರು ಮೆಲ್ಲಗೆ, "ಮತ್ತೆ ದೋಸೆ?" ಎಂದರು.

"ದೋಸೆಗೆ ಒಂದು ಕಣ್ಣು ಧಾರಾಳ ಸಾಕು" ಎಂದು ಇವರು ಟ್ರೈಲರಿನ ಕಿಟಕಿ ಎತ್ತಲು ಹೋದರು.

ಜನ ನಗುತ್ತಾ ಇವರ ಹಿಂದೆ ಹೋದರು. ನಾನು ಇಂಜಿನ್ ಆರಿಸದೆ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ. ಇಳಿದರೆ ಅಳು ಬರುತ್ತದೆಂದು ಗೊತ್ತಿತ್ತು. ಅಷ್ಟು ಚೆನ್ನಾಗಿ ಟ್ರೈಲರ್ ನಿಲ್ಲಿಸಿದ ಹೆಂಗಸು ಅಳುತ್ತಾ ಕೆಳಗಿಳಿಯುವುದು ನನಗೆ ಸರಿಕಾಣಲಿಲ್ಲ.